ಮಾವನ ಗಡಿಯಾರ ಹಿಂದೆ ಬಿದ್ದದ್ದು ಯಾಕೆ?

ಮೈಸೂರಿಗೆ ಬಂದವರೆಲ್ಲ ದೊಡ್ಡ ಗಡಿಯಾರ ನೋಡಿರುತ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಡಳಿತಕ್ಕೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. 75 ಅಡಿ ಎತ್ತರ. ಅದರ ಮುಖದ ಮೇಲಿರುವುದು ಕನ್ನಡದ ಅಂಕಿ. ದೇವರಾಜ ಮಾರುಕಟ್ಟೆಯ ಪಕ್ಕದಲ್ಲಿ ಚಿಕ್ಕ ಗಡಿಯಾರ ಇದೆ. ಇವೆರಡರ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಾನೂ ಎರಡು ಸಲ ಬರೆದಿದ್ದೇನೆ.

ಈ ಸಲ ಬರೆಯುತ್ತಿರುವುದು ಯಾರೂ ನೋಡದ ಗಡಿಯಾರಗಳ ಬಗ್ಗೆ. 1970ರಿಂದ 2000ದವರೆಗೆ ಮೈಸೂರಿನಂಥ ಊರುಗಳಲ್ಲಿ ಡಿಪ್ಲೊಮಾ ಓದಿದವರು, ರೇಡಿಯೊ ರಿಪೇರಿ ಮಾಡುತ್ತಿದ್ದವರು, ಕಾಲೇಜು ಹುಡುಗರು ಮನೆಯಲ್ಲೇ ಕೂತು ಬೆಸುಗೆ ಹಾಕಿ ಮಾಡಿದ ಡಿಜಿಟಲ್ ಗಡಿಯಾರಗಳು. ಕೆಂಪು ಅಂಕಿ ಉರಿಯುತ್ತಿದ್ದ, ಪ್ಲೈವುಡ್ ಡಬ್ಬಿಯ ಗಡಿಯಾರಗಳು. ಅವುಗಳಿಗೆ ಕಂಪನಿಯ ಹೆಸರಿಲ್ಲ, ಬಿಲ್ಲಿಲ್ಲ, ಪಟ್ಟಿಯಿಲ್ಲ. ಮಾಡಿದವರು ಹೋದ ಮೇಲೆ ಗುಜರಿಗೆ ಹೋಗುತ್ತವೆ. ತಾಮ್ರಕ್ಕೆ ಒಂದು ರೇಟು, ಬೋರ್ಡಿಗೆ ಒಂದು ರೇಟು.

ನನ್ನ ಸೋದರಮಾವ ಅಂಥದ್ದೊಂದು ಮಾಡಿದ್ದರು. ಆ ಗಡಿಯಾರದಿಂದ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪಿತು ಎಂಬ ಮಾತು ಮೂವತ್ತು ವರ್ಷಗಳಿಂದ ಇತ್ತು. ಅದು ನಿಜವೇ ಎಂದು ಹುಡುಕಲು ಹೋಗಿ ಈ ಲೇಖನ ಹುಟ್ಟಿತು.

ಅಟ್ಟದ ಮೇಲಿನ ಡಬ್ಬಿ

ಮಾವ ಡಿಪ್ಲೊಮಾ ಮಾಡಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಮೈಸೂರಿನಲ್ಲಿ ಬಾಡಿಗೆ ಮನೆ. ಅವರು ತೀರಿಕೊಂಡು ಈಗ ಆರು ವರ್ಷ. ಕಳೆದ ವರ್ಷ ಅತ್ತೆ ಮನೆ ಖಾಲಿ ಮಾಡುವಾಗ ಸಾಮಾನು ಇಳಿಸಲು ನನ್ನನ್ನು ಕರೆದರು. ಅಟ್ಟದ ಮೇಲೆ ಹಳೇ ಟ್ರಂಕು, ಅದರೊಳಗೆ ಬೆಡ್‌ಶೀಟಿನಲ್ಲಿ ಸುತ್ತಿದ ಗಡಿಯಾರ. ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್.

‘ಅದನ್ನ ಗುಜರಿಯವನಿಗೆ ಹಾಕ್ಬಿಡಪ್ಪ. ಅದು ಯಾವತ್ತೂ ಸರಿಯಾಗಿ ಟೈಮ್ ತೋರಿಸ್ಲಿಲ್ಲ’ ಎಂದರು ಅತ್ತೆ.

ಕತೆ ನನಗೆ ಗೊತ್ತಿತ್ತು. 1991ರ ಮೇ ತಿಂಗಳು. ನಾನಾಗ ವರ್ಷದ ಕೂಸು. ನನ್ನನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಅಮ್ಮ ಮೈಸೂರಿಗೆ ಒಂದು ಸಂದರ್ಶನಕ್ಕೆ ಬಂದಿದ್ದರು. ಹಿಂದಿನ ರಾತ್ರಿ ಅಣ್ಣನ ಮನೆಯಲ್ಲಿ ಉಳಿದರು. ಬೆಳಿಗ್ಗೆ ಗೋಡೆಯ ಮೇಲಿನ ಕೆಂಪು ಅಂಕಿ ನೋಡಿಕೊಂಡು ಹೊರಟರು. ಒಂಬತ್ತೂವರೆಗೆ ಅಲ್ಲಿರಬೇಕಿತ್ತು. ಹೋಗುವಷ್ಟರಲ್ಲಿ ಹತ್ತು ಗಂಟೆ ಆಗುತ್ತಾ ಬಂದಿತ್ತು, ಹೆಸರು ಕೂಗಿ ಆಗಿತ್ತು. ಕೆಲಸ ಬೇರೆಯವರಿಗೆ ಹೋಯಿತು. ಅಮ್ಮ ಮತ್ತೆ ಅರ್ಜಿ ಹಾಕಲಿಲ್ಲ.

ಅಮ್ಮ ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಉಳಿದವರು ಬಿಡಲಿಲ್ಲ. ಮದುವೆ, ತಿಥಿ, ಹಬ್ಬ ಎಲ್ಲಿ ಸೇರಿದರೂ ‘ನಿನ್ನ ಗಡಿಯಾರ ಈಗ ಎಷ್ಟು ಗಂಟೆ ತೋರಿಸ್ತಿದೆಯಪ್ಪ’ ಎಂದು ನಗುತ್ತಿದ್ದರು. ಮಾವ ಗಡಿಯಾರವನ್ನು ಅಟ್ಟಕ್ಕೆ ಹಾಕಿದರು. ರಿಪೇರಿ ಕೆಲಸ ಮುಂದುವರಿಸಿದರು. ಹೊಸದಾಗಿ ಏನನ್ನೂ ಮಾಡಲಿಲ್ಲ.

ಕಾಲ ಎಣಿಸುವುದು ಎಂದರೆ

ನಮ್ಮಲ್ಲಿ ಗಳಿಗೆ ಎನ್ನುತ್ತೇವಲ್ಲ, ಅದು ‘ಘಟಿಕಾ’ ಎಂಬುದರಿಂದ ಬಂದದ್ದು. ಗಡಿಯಾರಕ್ಕೂ ಅದೇ ಮೂಲ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಡುವುದು. ನೀರು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಬಟ್ಟಲು ಮುಳುಗಿದ್ದನ್ನು ಎಣಿಸಿದರೆ ಹೊತ್ತು ತಿಳಿಯುತ್ತದೆ.

ಎಲ್ಲ ಗಡಿಯಾರಗಳೂ ಇಷ್ಟನ್ನೇ ಮಾಡುತ್ತವೆ. ಒಂದೇ ಸಮನೆ ನಡೆಯುವ ಯಾವುದೋ ಒಂದನ್ನು ಎಣಿಸುತ್ತವೆ. ಗೋಪುರದ ಗಡಿಯಾರ ಲೋಲಕದ ತೂಗಾಟ ಎಣಿಸುತ್ತದೆ. ಈಗಿನ ಕೈಗಡಿಯಾರದಲ್ಲಿ ಸ್ಫಟಿಕದ ಸಣ್ಣ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅರ್ಧ ಮಾಡುತ್ತ ಹದಿನೈದು ಸಲ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಅದೇ ಒಂದು ಸೆಕೆಂಡ್.

ಮಾವನ ಗಡಿಯಾರದಲ್ಲಿ ಸ್ಫಟಿಕ ಇರಲಿಲ್ಲ. ಅದು ಎಣಿಸುತ್ತಿದ್ದುದು ಮನೆಗೆ ಬರುವ ಕರೆಂಟನ್ನು.

ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಬೇಕು. ಅದನ್ನೇ 50 ಹರ್ಟ್ಜ್, ಹಳಬರ ಮಾತಿನಲ್ಲಿ 50 ಸೈಕಲ್ ಎನ್ನುತ್ತಾರೆ. ಐವತ್ತು ತೂಗು ಎಣಿಸಿದರೆ ಒಂದು ಸೆಕೆಂಡ್. ಅರವತ್ತು ಸೆಕೆಂಡ್ ಎಣಿಸಿದರೆ ಒಂದು ನಿಮಿಷ. ಖರ್ಚಿಲ್ಲದೆ ಸಿಗುವ ಲೋಲಕ.

ಹನ್ನೆರಡು ಐಸಿ, ಇನ್ನೂರ ಎಪ್ಪತ್ತು ಬೆಸುಗೆ

1972ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಕಂಪನಿ ಪಲ್ಸರ್ ಎಂಬ ಕೈಗಡಿಯಾರ ಮಾರುಕಟ್ಟೆಗೆ ತಂದಿತು. ಮುಳ್ಳಿಲ್ಲ, ಗುಂಡಿ ಒತ್ತಿದರೆ ಕೆಂಪು ಅಂಕಿ ಬೆಳಗುತ್ತದೆ. ಬೆಲೆ 2,100 ಡಾಲರ್. ಇಲ್ಲಿ ಅದನ್ನು ಕೊಳ್ಳುವವರು ಯಾರು? ನಮ್ಮ ಕೈಗೆ ಸಿಗುತ್ತಿದ್ದುದು ಎಚ್‌ಎಂಟಿ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ, 1978ರಲ್ಲಿ ತುಮಕೂರಿಗೂ ಬಂತು. ಕೀಲಿ ಕೊಡುವ ಜನತಾ, ಪೈಲಟ್, ಕೋಹಿನೂರ್. ಮದುವೆ ಗಂಡಿಗೆ ಕೊಡುತ್ತಿದ್ದುದೇ ಅವು.

ಆದರೆ ಕೆಂಪು ಅಂಕಿಯ ಆಸೆ ಹುಡುಗರನ್ನು ಹಿಡಿದಿತ್ತು. ದೆಹಲಿಯಿಂದ 1969ರಲ್ಲಿ ಶುರುವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ ಗ್ರಂಥಾಲಯಗಳಿಗೆ ಬರುತ್ತಿತ್ತು. ಸರ್ಕ್ಯೂಟ್ ನೋಡಿ ಬರೆದುಕೊಳ್ಳುವುದು, ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಬಿಡಿಭಾಗ ತರುವುದು. ಒಂದೇ ಸಲ ಎಲ್ಲ ಕೊಳ್ಳಲು ದುಡ್ಡಿರುತ್ತಿರಲಿಲ್ಲ. ಈ ತಿಂಗಳು ಎರಡು ಐಸಿ, ಮುಂದಿನ ತಿಂಗಳು ಎರಡು ಐಸಿ.

ಮಾವನ ಗಡಿಯಾರ ಬಿಚ್ಚಿದರೆ ಕಾಣುವುದು ಇದು. 7490 ಎಂಬ ಐಸಿ ಎಂಟು. ಇವು ಎಣಿಸುವ ಐಸಿಗಳು. ಮೊದಲ ಎರಡು 50ನ್ನು ಒಂದು ಮಾಡುತ್ತವೆ. ನಂತರದ ಎರಡು ಸೆಕೆಂಡ್, ಮುಂದಿನ ಎರಡು ನಿಮಿಷ, ಕೊನೆಯ ಎರಡು ಗಂಟೆ. 7447 ಎಂಬ ಐಸಿ ನಾಲ್ಕು. ಎಣಿಕೆಯನ್ನು ಅಂಕಿಯ ರೂಪಕ್ಕೆ ತರುವುದು ಇವುಗಳ ಕೆಲಸ. ಮುಂದೆ ಎಲ್‌ಟಿ542 ಎಂಬ ಕೆಂಪು ಅಂಕಿಯ ಬಿಲ್ಲೆ ನಾಲ್ಕು. ಒಂದೊಂದರಲ್ಲಿ ಏಳು ಗೆರೆ. ಏಳೂ ಉರಿದರೆ 8, ಎರಡೇ ಉರಿದರೆ 1. ಈ ಏಳು ಗೆರೆಯಲ್ಲಿ ದೊಡ್ಡ ಗಡಿಯಾರದ ಕನ್ನಡ ಅಂಕಿ ಬರೆಯಲಾಗದು. ಸುತ್ತು ತಿರುಗುವ ನಮ್ಮ ಅಂಕಿಗೆ ನೇರ ಗೆರೆ ಒಗ್ಗುವುದಿಲ್ಲ.

ನಾನು ಬೆಸುಗೆ ಲೆಕ್ಕ ಹಾಕಿದೆ. ಹದಿನಾಲ್ಕು ಕಾಲಿನ ಎಂಟು ಐಸಿಗೆ 112. ಹದಿನಾರು ಕಾಲಿನ ನಾಲ್ಕಕ್ಕೆ 64. ಇಪ್ಪತ್ತೆಂಟು ರೆಸಿಸ್ಟರಿಗೆ 56. ಹತ್ತು ಕಾಲಿನ ನಾಲ್ಕು ಅಂಕಿಗೆ 40. ಒಟ್ಟು 272. ಟ್ರಾನ್ಸ್‌ಫಾರ್ಮರ್, ಡಯೋಡು, ವೈರುಗಳದ್ದು ಬೇರೆ. ಒಂದು ಬೆಸುಗೆ ಸಡಿಲ ಇದ್ದರೂ ಗಡಿಯಾರ ಕೈಕೊಡಬಹುದು.

ಬೋರ್ಡೂ ಮನೆಯದ್ದೇ. ತಾಮ್ರದ ಹಾಳೆ ಅಂಟಿಸಿದ ಬೋರ್ಡಿನ ಮೇಲೆ ಉಗುರು ಬಣ್ಣದಿಂದ ದಾರಿ ಬರೆಯುವುದು. ಒಣಗಿದ ಮೇಲೆ ಫೆರಿಕ್ ಕ್ಲೋರೈಡ್ ನೀರಿನಲ್ಲಿ ಅದ್ದಿದರೆ ಬಣ್ಣ ಇಲ್ಲದ ಕಡೆ ತಾಮ್ರ ಕರಗಿಹೋಗುತ್ತದೆ. ಬಣ್ಣ ಒರೆಸಿದರೆ ದಾರಿ ಉಳಿಯುತ್ತದೆ. ಮಾವ ಬಳಸಿದ್ದು ಅತ್ತೆಯ ಉಗುರು ಬಣ್ಣ. ಇದನ್ನು ಅತ್ತೆಯೇ ಹೇಳಿದರು. ಬಚ್ಚಲಿನ ಬಕೆಟ್ಟಿಗೆ ಹತ್ತಿದ ಹಳದಿ ಕಲೆ ಕೊನೆವರೆಗೂ ಹೋಗಲಿಲ್ಲವಂತೆ.

ಇಸವಿ ಎಲ್ಲಿ ಬರೆದಿರುತ್ತದೆ

ಮನೆಯಲ್ಲಿ ಮಾಡಿದ ಗಡಿಯಾರಕ್ಕೆ ಇಸವಿ ಹೇಳುವುದು ಹೇಗೆ? ಐಸಿಯ ಬೆನ್ನ ಮೇಲೆ ನೋಡಬೇಕು. ಐಸಿಯ ಹೆಸರಿನ ಜೊತೆ ಇನ್ನೊಂದು ನಾಲ್ಕಂಕಿಯ ಸಂಖ್ಯೆ ಇರುತ್ತದೆ. ಮೊದಲೆರಡು ಅಂಕಿ ವರ್ಷ, ಆಮೇಲಿನ ಎರಡು ವಾರ. ಮಾವನ ಗಡಿಯಾರದ ಒಂದು ಐಸಿಯ ಮೇಲೆ 8423 ಎಂದಿದೆ. 1984ನೇ ಇಸವಿ, 23ನೇ ವಾರ. ಅಂದರೆ ಆ ಐಸಿ ಜೂನ್ ತಿಂಗಳಲ್ಲಿ ತಯಾರಾದದ್ದು. ಅದಕ್ಕಿಂತ ಮುಂಚೆ ಈ ಗಡಿಯಾರ ಹುಟ್ಟಿರಲು ಸಾಧ್ಯವಿಲ್ಲ. 1985ರ ಯುಗಾದಿಗೆ ಗೋಡೆಗೆ ಹಾಕಿದ್ದು ಎಂದು ಅತ್ತೆ ಹೇಳುತ್ತಾರೆ. ಎರಡೂ ಕೂಡಿ ಬರುತ್ತವೆ.

ಆದರೆ ಮೂರು ಐಸಿಗಳ ಮೇಲೆ 1988, 1989, 1990ರ ಸಂಖ್ಯೆ ಇದ್ದವು. ಅಂದರೆ ಮಾವ ಆಮೇಲೆ ಅವನ್ನು ಬದಲಾಯಿಸಿದ್ದಾರೆ. ಮೂರೂ ಎಣಿಸುವ ಐಸಿಗಳೇ. ಯಾಕೆ ಬದಲಾಯಿಸಿದರು ಎಂಬುದು ನೋಟ್‌ಬುಕ್ಕಿನಲ್ಲಿತ್ತು.

ನೋಟ್‌ಬುಕ್ ಹೇಳಿದ್ದು

ಪುಟದ ಎಡಗಡೆ ತಾರೀಖು. ಬಲಗಡೆ ‘ಹಿಂದೆ 22’, ‘ಹಿಂದೆ 31’, ‘ಹಿಂದೆ 14’ ಎಂಬ ಸಂಖ್ಯೆ. ಕೆಲವು ದಿನ ಬರೀ ‘ಕ.ಹೋ.’ ಎಂದಿದೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕ.ಹೋ. ಎಂದರೆ ಕರೆಂಟ್ ಹೋಯಿತು.

ದಿನಾ ಸಂಜೆ ರೇಡಿಯೊದಲ್ಲಿ ವಾರ್ತೆಗೆ ಮುಂಚೆ ಬರುವ ‘ಪೀಪ್ ಪೀಪ್’ ಸದ್ದಿಗೆ ಮಾವ ಗಡಿಯಾರ ಹೊಂದಿಸುತ್ತಿದ್ದರು. ಮರುದಿನ ಅದೇ ಹೊತ್ತಿಗೆ ಎಷ್ಟು ನಿಮಿಷ ಹಿಂದೆ ಬಿದ್ದಿದೆ ಎಂದು ಬರೆಯುತ್ತಿದ್ದರು. ನಡುವೆ ಕರೆಂಟ್ ಹೋದ ದಿನ ಲೆಕ್ಕಕ್ಕೆ ಬರದು. ಈ ಐಸಿಗಳು ಕರೆಂಟ್ ಬಂದಾಗ ಎಲ್ಲಿಂದಲೋ ಎಣಿಕೆ ಶುರು ಮಾಡುತ್ತವೆ. ಗಡಿಯಾರ ಇಲ್ಲದ ಹೊತ್ತನ್ನೂ ತೋರಿಸಬಹುದು.

ರೇಡಿಯೊ ಎಂದಾಗ ಒಂದು ಮಾತು. ಮನೆಯಲ್ಲೇ ಮಾಡಿ ನೋಡುವ ಹುಚ್ಚು ಮೈಸೂರಿಗೆ ಹೊಸದಲ್ಲ. ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದರು. ಯಂತ್ರದ ಶಕ್ತಿ 30 ವ್ಯಾಟ್. ಆ ಕೇಂದ್ರದ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಮಾವ ಗಡಿಯಾರ ಹೊಂದಿಸುತ್ತಿದ್ದುದು ಅದೇ ಹೆಸರಿನ ರೇಡಿಯೊ ಕೇಳಿ.

ನೋಟ್‌ಬುಕ್ಕಿನಲ್ಲಿ 1988ರಿಂದ 1991ರವರೆಗೆ ಬರೆದ ದಿನಗಳಿವೆ. ನಡುನಡುವೆ ಷರಾ ಇದೆ. ‘ಕೆಪಾಸಿಟರ್ ಬದಲು.’ ‘7490 ಮೂರನೇ ಸಲ ಬದಲಾಯಿಸಿದೆ.’ ‘ಬೆಸುಗೆ ಎಲ್ಲ ಮತ್ತೆ ಹಾಕಿದೆ. ತಪ್ಪು ಸಿಗಲಿಲ್ಲ.’

ನಾನು ತಿಂಗಳ ಪ್ರಕಾರ ಸಂಖ್ಯೆಗಳನ್ನು ಜೋಡಿಸಿದೆ. ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಗಡಿಯಾರ ಹೆಚ್ಚು ಹಿಂದೆ ಬೀಳುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಡಿಮೆ. ಪ್ರತಿ ವರ್ಷವೂ ಹೀಗೇ. ಬೆಸುಗೆಯ ತಪ್ಪಾಗಿದ್ದರೆ ಮಳೆಗಾಲ ಬೇಸಿಗೆ ನೋಡಿಕೊಂಡು ಬರುವುದಿಲ್ಲ. ಮಳೆ ಬಂದರೆ ಸರಿಯಾಗುವುದು, ಬೇಸಿಗೆಯಲ್ಲಿ ಕೆಡುವುದು ನಮ್ಮಲ್ಲಿ ಇನ್ನೊಂದಿದೆ. ಕರೆಂಟು.

ಆಲೆಮನೆಯ ಲೆಕ್ಕ

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲೆಮನೆಯ ಗಾಣಕ್ಕೆ ಒಂದೇ ಸಲ ಹೆಚ್ಚು ಕಬ್ಬು ಕೊಟ್ಟರೆ ಏನಾಗುತ್ತದೆ? ಎಂಜಿನ್ ಸದ್ದು ಕುಗ್ಗುತ್ತದೆ, ಗಾಣ ನಿಧಾನವಾಗುತ್ತದೆ. ಕಬ್ಬು ಕಡಿಮೆ ಮಾಡಿದರೆ ಮತ್ತೆ ಏರುತ್ತದೆ.

ವಿದ್ಯುತ್ ಕೇಂದ್ರದ ಯಂತ್ರವೂ ಹಾಗೇ. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಸಾಲದಿದ್ದರೆ ಚಕ್ರ ನಿಧಾನವಾಗುತ್ತದೆ. 50 ತೂಗುವ ಬದಲು 49 ತೂಗುತ್ತದೆ, 48.5 ತೂಗುತ್ತದೆ. ಬಲ್ಬಿಗೆ ಇದು ಗೊತ್ತಾಗದು. ಫ್ಯಾನ್ ಸ್ವಲ್ಪ ನಿಧಾನ ತಿರುಗುತ್ತದೆ, ಅಷ್ಟೆ. ತೂಗು ಎಣಿಸುವ ಗಡಿಯಾರಕ್ಕೆ ಮಾತ್ರ ಅದು ಪೂರ್ತಿ ಗೊತ್ತಾಗುತ್ತದೆ.

ನಮ್ಮ ರಾಜ್ಯ ಬಹುಕಾಲ ನೀರಿನ ಕರೆಂಟನ್ನೇ ನಂಬಿತ್ತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡರು. ಬೆಂಗಳೂರಿಗೆ 1905ರಲ್ಲಿ, ಮೈಸೂರು ನಗರಕ್ಕೆ 1908ರಲ್ಲಿ ದೀಪ ಬಂತು. ಆಗಿನ ಶಿವನಸಮುದ್ರದ ಕರೆಂಟು 25 ಸೈಕಲ್. ಮಾವನ ಗಡಿಯಾರವನ್ನು ಆ ಕರೆಂಟಿಗೆ ಹಾಕಿದ್ದರೆ ದಿನಕ್ಕೆ ಹನ್ನೆರಡು ಗಂಟೆ ಮಾತ್ರ ನಡೆಯುತ್ತಿತ್ತು.

ಆಮೇಲೆ ಜೋಗ, ಶರಾವತಿ ಬಂದವು. ಎಲ್ಲವೂ ನೀರು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ, ಮಾವ ಗಡಿಯಾರ ಗೋಡೆಗೆ ಹಾಕಿದ ವರ್ಷವೇ. ಪಂಪ್‌ಸೆಟ್ ಹೆಚ್ಚಿದವು, ಕಾರ್ಖಾನೆ ಹೆಚ್ಚಿದವು. ಬೇಸಿಗೆಯಲ್ಲಿ ಜಲಾಶಯ ತಳ ಕಂಡರೆ ಚಕ್ರ ತಿರುಗಿಸಲು ನೀರಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು, ಕೇರಳ ಸೇರಿ ಒಂದೇ ಜಾಲ. ಒಬ್ಬರು ಹೆಚ್ಚು ಎಳೆದರೆ ಎಲ್ಲರ ಕರೆಂಟೂ ನಿಧಾನ. ಆ ಕಾಲದಲ್ಲಿ ದಕ್ಷಿಣದ ಜಾಲ 49ಕ್ಕಿಂತ ಕೆಳಗೆ ಇಳಿಯುವುದು ದಿನನಿತ್ಯದ ಮಾತಾಗಿತ್ತು.

ಈಗ ಲೆಕ್ಕ ನೋಡಿ. ದಿನಕ್ಕೆ 1,440 ನಿಮಿಷ. ನೋಟ್‌ಬುಕ್ಕಿನಲ್ಲಿ 1991ರ ಏಪ್ರಿಲ್‌ನ ಒಂದು ದಿನ ‘ಹಿಂದೆ 36’ ಎಂದಿದೆ. 1,440ರಲ್ಲಿ 36 ಎಂದರೆ ನೂರಕ್ಕೆ ಎರಡೂವರೆ. ಅಂದರೆ ಆ ದಿನದ ಸರಾಸರಿ ತೂಗು 48.75. ಹಿಂದಿನ ವರ್ಷದ ಆಗಸ್ಟ್‌ನ ಒಂದು ದಿನ ‘ಹಿಂದೆ 14’. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ. ಸರಾಸರಿ ತೂಗು 49.5.

ಗಡಿಯಾರ ಕೆಟ್ಟಿರಲಿಲ್ಲ. ತನಗೆ ಬಂದದ್ದನ್ನು ಒಂದೂ ಬಿಡದೆ ಎಣಿಸುತ್ತಿತ್ತು. ಬರುತ್ತಿದ್ದುದೇ ಕಡಿಮೆ.

ಅಮ್ಮ ಸಂದರ್ಶನಕ್ಕೆ ಹೋದ ದಿನದ್ದೂ ಲೆಕ್ಕ ಹಾಕಿದೆ. ಹಿಂದಿನ ಸಂಜೆ ಏಳಕ್ಕೆ ಗಡಿಯಾರ ಹೊಂದಿಸಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ 14 ಗಂಟೆ. ಕರೆಂಟು 49ರಲ್ಲಿ ನಡೆದಿದ್ದರೆ 17 ನಿಮಿಷ ಹಿಂದೆ. 48.5ರಲ್ಲಿ ನಡೆದಿದ್ದರೆ 25 ನಿಮಿಷ ಹಿಂದೆ. ಅಮ್ಮ ತಡವಾದದ್ದು ಸುಮಾರು ಅಷ್ಟೇ.

ಮತ್ತೆ ಹೊತ್ತಿಸಿದ್ದು

ಲೆಕ್ಕ ಕಾಗದದ ಮೇಲೆ ಸರಿ. ಗಡಿಯಾರ ನಡೆದರೆ ತಾನೇ ಸಾಕ್ಷಿ? ಟಿವಿ ರಿಪೇರಿ ಮಾಡಿ ವಯಸ್ಸಾದ ಹಿರಿಯರೊಬ್ಬರ ಹತ್ತಿರ ಒಯ್ದೆ. ನಾನು ಪ್ಲಗ್ ಹಿಡಿದು ಸಾಕೆಟ್ ಹುಡುಕುತ್ತಿದ್ದರೆ ಅವರು ಕೈ ಹಿಡಿದರು.

‘ಮೂವತ್ತು ವರ್ಷ ಮಲಗಿದ್ದನ್ನ ಹಾಗೆ ಎಬ್ಬಿಸ್ತಾರಾ? ಮೊದಲು ಸೀರೀಸ್ ಬಲ್ಬ್ ಹಾಕೋಣ ಇರಿ.’

ಇದು ಎಲ್ಲರೂ ತಿಳಿಯಬೇಕಾದ ಮಾತು. ಹಳೇ ಸಾಮಾನಿಗೆ ಕರೆಂಟ್ ಕೊಡುವಾಗ ನಡುವೆ ಒಂದು 60 ವ್ಯಾಟ್‌ನ ಹಳೇ ಬಲ್ಬ್ ಸೇರಿಸುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಸಾಮಾನು ಸುಡುವುದಿಲ್ಲ. ಬಲ್ಬ್ ಮಂಕಾಗಿದ್ದರೆ ಮುಂದುವರಿಯಬಹುದು. ಗೊತ್ತಿಲ್ಲದವರು 230 ವೋಲ್ಟ್ ಜೊತೆ ಆಟ ಆಡಬಾರದು.

ಕೆಪಾಸಿಟರ್ ಒಣಗಿತ್ತು. ಇದು ಕರೆಂಟಿನ ಏರಿಳಿತ ತುಂಬುವ ತೊಟ್ಟಿಯಿದ್ದ ಹಾಗೆ. ಒಣಗಿದರೆ ಐಸಿಗಳಿಗೆ ಸಮನಾದ 5 ವೋಲ್ಟ್ ಸಿಗದೆ ಎಣಿಕೆ ತಪ್ಪುತ್ತದೆ. ಐಸಿಗಳ ಕಾಲು ಕಪ್ಪಾಗಿದ್ದವು, ರಬ್ಬರಿನಲ್ಲಿ ಉಜ್ಜಿ ತೆಗೆದೆವು. ಮೂಲೆಯಲ್ಲಿ ಒಣಗಿದ ಹಲ್ಲಿ. ನಿಮಿಷದ ಅಂಕಿಯ ಒಂದು ಗೆರೆ ಉರಿಯುತ್ತಿರಲಿಲ್ಲ, ಬೆಸುಗೆ ಬಿಟ್ಟಿತ್ತು. ಮೂರು ಭಾನುವಾರ ಹಿಡಿಯಿತು. ಒಟ್ಟು ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ಕೊನೆಗೆ ಅವರು ಕೇಳಿದರು. ‘ಒಂದು ಕ್ರಿಸ್ಟಲ್, ಒಂದು 4060 ಐಸಿ ಹಾಕಿಬಿಡ್ಲಾ? ಕರೆಂಟ್ ಹೆಂಗಿದ್ರೂ ಟೈಮ್ ತಪ್ಪಲ್ಲ.’

ಹಳೇ ಗಡಿಯಾರ ಉಳಿಸುವವರ ನಡುವೆ ಇರುವ ದೊಡ್ಡ ಜಗಳವೇ ಇದು. ಉಪಯೋಗಕ್ಕೆ ಬರಲಿ ಎನ್ನುವವರು ಹೊಸ ಭಾಗ ಸೇರಿಸುತ್ತಾರೆ. ಮಾಡಿದವರು ಮಾಡಿದಂತೆಯೇ ಇರಲಿ ಎನ್ನುವವರು ಕೆಟ್ಟದ್ದನ್ನು ಮಾತ್ರ ಬದಲಾಯಿಸುತ್ತಾರೆ. ಬೇರೆ ಗಡಿಯಾರವಾಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ಇದಕ್ಕೆ ಬೇಡ ಎಂದೆ. ಕ್ರಿಸ್ಟಲ್ ಹಾಕಿದರೆ ಗಡಿಯಾರ ಸರಿಯಾಗುತ್ತದೆ, ಆದರೆ ಮಾವ ಸರಿಯಾಗಿದ್ದರೇ ಎಂಬುದು ತಿಳಿಯುವುದಿಲ್ಲ.

ಮಾವ ಮಾಡಿದ ಹಾಗೆಯೇ, ಕರೆಂಟನ್ನೇ ಎಣಿಸುವಂತೆ ಬಿಟ್ಟು ನನ್ನ ಕೋಣೆಯಲ್ಲಿ ಹಾಕಿದೆ. ಮೊಬೈಲ್ ನೋಡಿ ಹೊಂದಿಸಿದೆ. ನಾಲ್ಕು ದಿನ ಕರೆಂಟ್ ಹೋಗಲಿಲ್ಲ. ನಾಲ್ಕನೇ ದಿನ ನೋಡಿದರೆ ವ್ಯತ್ಯಾಸ ಒಂದು ನಿಮಿಷವೂ ಇಲ್ಲ. ಹಿಂದೆ ಒಂದೇ ದಿನಕ್ಕೆ 36 ನಿಮಿಷ ಬೀಳುತ್ತಿದ್ದ ಗಡಿಯಾರ, ಅದೇ ಬೋರ್ಡು, ಅದೇ ಬೆಸುಗೆ.

ನಡುವೆ ಬದಲಾದದ್ದು ಜಾಲ. 2003ರ ಜನವರಿ 1ರಿಂದ ದಕ್ಷಿಣದ ರಾಜ್ಯಗಳಿಗೆ ಹೊಸ ದರ ಪದ್ಧತಿ ಬಂತು. ಜಾಲ ಕುಗ್ಗಿದಾಗ ಹೆಚ್ಚು ಎಳೆದವರು ಹೆಚ್ಚು ದುಡ್ಡು ಕೊಡಬೇಕು. ಆಮೇಲೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿತು. ಅಲ್ಲಿಗೆ ದೇಶವೆಲ್ಲ ಒಂದೇ ತೂಗು. ಈಗ 49.90ರಿಂದ 50.05ರ ಒಳಗೆ ಇರಬೇಕೆಂಬುದು ನಿಯಮ.

ಉಳಿದ ಗಡಿಯಾರಗಳು

ಇದಾದ ಮೇಲೆ ನನಗೂ ಹುಚ್ಚು ಹತ್ತಿತು. ಸುದ್ದಿಗೆ ಹೋದಲ್ಲೆಲ್ಲ ಕೇಳುತ್ತೇನೆ. ಈಗ ಐದು ಗಡಿಯಾರ ಇವೆ.

ಒಂದು ಅಲ್ಯುಮಿನಿಯಂ ಟಿಫಿನ್ ಡಬ್ಬಿಯಲ್ಲಿದೆ. ಮುಂದೆ ನಾಟಕದ ಲೈಟಿಗೆ ಹಾಕುವ ಕೆಂಪು ಜೆಲಟಿನ್ ಕಾಗದ. ಇನ್ನೊಂದರಲ್ಲಿ ಹನ್ನೆರಡು ಐಸಿ ಬದಲು ಎಲ್‌ಎಂ8560 ಎಂಬ ಒಂದೇ ಐಸಿ. ಗಡಿಯಾರದ ಕೆಲಸವೆಲ್ಲ ಒಂದರೊಳಗೇ ಬಂದ ಕಾಲದ್ದು. ಮತ್ತೊಂದು 89ಸಿ51 ಮೈಕ್ರೋಕಂಟ್ರೋಲರಿನದು, ಜೊತೆಗೆ ಡಿಎಸ್1307 ಐಸಿ ಮತ್ತು ಬಿಲ್ಲೆ ಸೆಲ್. ಎಂಜಿನಿಯರಿಂಗ್, ಡಿಪ್ಲೊಮಾ ಹುಡುಗರ ಪ್ರಾಜೆಕ್ಟು. ಕರೆಂಟ್ ಹೋದರೂ ಟೈಮ್ ಮರೆಯದ ಮನೆಗಡಿಯಾರಗಳು ಇವು. ಐದನೆಯದು ಮಂಡಿ ಮೊಹಲ್ಲಾ ಕಡೆಯ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿದ್ದು. ಒಳಗೆ ಪೆನ್ಸಿಲಿನಲ್ಲಿ ‘ಪುಟ್ಟಿಗೆ’ ಎಂದು ಬರೆದಿದೆ. ಅಷ್ಟೇ.

ಎಚ್‌ಎಂಟಿಯ ಕೈಗಡಿಯಾರ ಸಂಗ್ರಹಿಸುವವರು ದೇಶದ ತುಂಬ ಇದ್ದಾರೆ. ಬೆಂಗಳೂರಿನಲ್ಲಿ ಅದಕ್ಕೆ ವಸ್ತುಸಂಗ್ರಹಾಲಯವೂ ಇದೆ. ಕಾರ್ಖಾನೆ ಮುಚ್ಚಿದರೂ ಯಾವ ಮಾದರಿ, ಯಾವ ಇಸವಿ ಎಂಬ ದಾಖಲೆ ಉಳಿದಿದೆ. ಮನೆಯಲ್ಲಿ ಮಾಡಿದ್ದಕ್ಕೆ ಆ ದಾಖಲೆ ಇಲ್ಲ. ಮಾಡಿದವರು ಹೇಳಬೇಕು, ಇಲ್ಲವೇ ಮನೆಯವರು ಹೇಳಬೇಕು.

ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಗುಜರಿಗೆ ಹಾಕುವ ಮುಂಚೆ ಮೂರು ಕೆಲಸ ಮಾಡಿ. ಒಂದು, ಪ್ಲಗ್‌ಗೆ ಹಾಕಬೇಡಿ. ಎರಡು, ಹಿಂಬದಿ ಬಿಚ್ಚಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಐಸಿಯ ಬೆನ್ನಿನ ಸಂಖ್ಯೆ ಕಾಣುವ ಹಾಗೆ. ಬೋರ್ಡಿನ ತಾಮ್ರದ ದಾರಿ ಅಂಕುಡೊಂಕಾಗಿದ್ದರೆ ಕೈಯಲ್ಲಿ ಮಾಡಿದ್ದೇ. ಮೂರು, ಯಾರು ಮಾಡಿದ್ದು, ಯಾವಾಗ, ಯಾಕೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಜೊತೆಗೆ ಹಳೇ ನೋಟ್‌ಬುಕ್ ಇದ್ದರೆ ಮೊದಲು ಅದನ್ನು ಎತ್ತಿಡಿ.

ಅಮ್ಮ ಬಂದಾಗ

ಕಳೆದ ತಿಂಗಳು ಅಮ್ಮ ಊರಿನಿಂದ ಬಂದರು. ಅತ್ತೆಯನ್ನೂ ಕರೆಸಿದ್ದೆ. ನೋಟ್‌ಬುಕ್ ತೆಗೆದು, ಕಬ್ಬಿನ ಗಾಣದ ಲೆಕ್ಕ ಹೇಳಿ, ಹದಿನೇಳು ನಿಮಿಷ, ಇಪ್ಪತ್ತೈದು ನಿಮಿಷ ಎಂದು ವಿವರಿಸಿದೆ. ಅತ್ತೆ ನೋಟ್‌ಬುಕ್ಕಿನ ಪುಟ ತಿರುಗಿಸುತ್ತ ಕೂತರು. ‘ರಾತ್ರಿ ಎಲ್ಲ ಕೂತು ಬೆಸುಗೆ ಹಾಕೋರು. ಮಲಗಿ ಅಂತ ನಾನೂ ಬೈತಿದ್ದೆ’ ಎಂದರು.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು. ‘ಹಂಗಾದ್ರೆ ಅಣ್ಣಂದು ಏನೂ ತಪ್ಪಿರ್ಲಿಲ್ಲ ಅನ್ನು.’

‘ಇಲ್ಲಮ್ಮ.’

‘ಅದು ನನಗೆ ಅವತ್ತೇ ಗೊತ್ತಿತ್ತು. ಅವನಿಗೆ ಗೊತ್ತಿರ್ಲಿಲ್ಲ’ ಎಂದರು.

ಸಂಜೆ ಹೊರಡುವಾಗ ಬಸ್ಸಿಗೆ ತಡವಾಗುತ್ತದೆಂದು ನಾನು ಮೊಬೈಲ್ ತೆಗೆದೆ. ಅಮ್ಮ ಗೋಡೆ ಕಡೆ ನೋಡಿ ‘ಆರೂ ಹತ್ತು. ಇನ್ನೂ ಹೊತ್ತಿದೆ, ಕಾಫಿ ಕಾಯಿಸು’ ಎಂದರು. ಮೊಬೈಲಿನಲ್ಲೂ ಆರೂ ಹತ್ತೇ ಆಗಿತ್ತು.